ಹೊಸ ಡಬ್ಬಿ, ಹಳೆ ಡಬ್ಬಿ: ಪುಣೆಯ ಒಂದು ಪೆಲೆಟ್ ಪರೀಕ್ಷೆಯ ಪ್ರಕರಣ

ಸ್ಕೋರು ಬಿದ್ದಾಗ ಶೂಟರ್ ಮನೆಯವರು ಮೊದಲು ಅನುಮಾನ ಪಡುವುದು ಪೆಲೆಟ್ ಮೇಲೆ, ಅಂದರೆ ಗಾಳಿಯ ಒತ್ತಡದಿಂದ ಹಾರುವ ಪುಟ್ಟ ಸೀಸದ ಗುಂಡಿನ ಮೇಲೆ. ಪೆಲೆಟ್ ಆದರೆ ದುಡ್ಡು ಕೊಟ್ಟು ಬದಲಿಸಬಹುದು, ಬೆರಳನ್ನು ಹಾಗೆ ಬದಲಿಸಲು ಬರುವುದಿಲ್ಲ, ಅಲ್ವಾ. ಇಲ್ಲಿ ಬರೆಯುತ್ತಿರುವುದು ಪುಣೆಯ ಒಂದು ಕನ್ನಡ ಮನೆಯಲ್ಲಿ ನಡೆದದ್ದು. ಹುಡುಗಿಯ ಹೆಸರು, ಕೋಚ್ ಹೆಸರು, ರೇಂಜ್ ಹೆಸರು ಯಾವುದೂ ಇಲ್ಲ. ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ. ಪರೀಕ್ಷೆ ನಡೆದ ರೀತಿ, ಬಂದ ಫಲ ಮಾತ್ರ ಇದ್ದ ಹಾಗೇ ಇದೆ. ಆ ರೇಂಜಿನಲ್ಲಿ ವಾರದ ಕೊನೆಗೆ ಮಕ್ಕಳ ಸ್ಕೋರು ಬರೆದಿಡುವ ಕೆಲಸ ನನ್ನದು. ಹಾಗಾಗಿ ಹೆಚ್ಚಿನದ್ದನ್ನು ಹತ್ತಿರದಿಂದಲೇ ನೋಡಿದೆ.

ಹಿನ್ನೆಲೆ

ಮನೆಯವರು ಮೂಲತಃ ವಿಜಯಪುರ ಕಡೆಯವರು. ಅಪ್ಪನಿಗೆ ಚಾಕಣದ ಒಂದು ಬಿಡಿಭಾಗದ ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದ ಕೆಲಸ. ಮನೆ ವಾರ್ಜೆಯಲ್ಲಿ. ಹುಡುಗಿ ಹೈಸ್ಕೂಲು. 10 ಮೀಟರ್ ಏರ್ ಪಿಸ್ತೂಲ್ ಹೊಡೆಯುತ್ತಾಳೆ.

ಪುಣೆಯಲ್ಲಿ ಈ ಆಟಕ್ಕೆ ನೆಲ ಗಟ್ಟಿ ಇದೆ. 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಕಟ್ಟಿದ ಬಾಲೇವಾಡಿ ಕ್ರೀಡಾ ಸಂಕುಲ ಇದೆ, ಸುತ್ತಮುತ್ತ ಖಾಸಗಿ ರೇಂಜುಗಳಿವೆ. ದಕ್ಷಿಣಕ್ಕಿರುವ ಕೊಲ್ಲಾಪುರ ಜಿಲ್ಲೆ ತೇಜಸ್ವಿನಿ ಸಾವಂತ್, ರಾಹಿ ಸರ್ನೋಬತ್, ಸ್ವಪ್ನಿಲ್ ಕುಸಾಳೆ ಇಂಥ ಶೂಟರ್‌ಗಳನ್ನೆಲ್ಲ ಕೊಟ್ಟಿದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್‌ಗೆ ಕಂಚು ಬಂದ ಮೇಲೆ ರೇಂಜುಗಳಲ್ಲಿ ಹೊಸ ಮಕ್ಕಳು ಜಾಸ್ತಿಯಾದರು. ಈ ಹುಡುಗಿ ಅದಕ್ಕೂ ಮುಂಚಿನವಳು.

ಆಟದ ಲೆಕ್ಕ ಸ್ವಲ್ಪ ಹೇಳಲೇಬೇಕು. ಇಡೀ ಪ್ರಕರಣ ನಿಂತಿರುವುದು ಅದರ ಮೇಲೆ. ಒಂದೇ ಕೈಯಲ್ಲಿ ಹಿಡಿದು 60 ಹೊಡೆತ, 75 ನಿಮಿಷ, ಪೂರ್ಣಾಂಕ 600. ಹತ್ತರ ವೃತ್ತದ ವ್ಯಾಸ 11.5 ಮಿಲಿಮೀಟರ್, ಪೆಲೆಟ್‌ನದು 4.5. ಪೆಲೆಟ್‌ನ ಅಂಚು ಗೆರೆ ಮುಟ್ಟಿದರೂ ಆ ಅಂಕ ಸಿಗುತ್ತದೆ. ಆದ್ದರಿಂದ ಪೆಲೆಟ್‌ನ ನಡುಬಿಂದು ಗುರಿಯ ನಡುವಿನಿಂದ 8 ಮಿ.ಮೀ. ಒಳಗಿದ್ದರೆ ಹತ್ತು. 16ರ ಒಳಗೆ ಒಂಬತ್ತು, 24ರ ಒಳಗೆ ಎಂಟು, 32ರ ಒಳಗೆ ಏಳು. ಎಂಟರ ಮಗ್ಗಿ ಬಂದರೆ ಸಾಕು, ಗುರಿಹಲಗೆ ಅರ್ಥವಾಗುತ್ತದೆ. ರೈಫಲ್‌ನವರ ಹತ್ತು ಬರೀ ಅರ್ಧ ಮಿಲಿಮೀಟರಿನ ಚುಕ್ಕೆ. ಅವರ ಪೆಲೆಟ್ ಚಿಂತೆ ನ್ಯಾಯವಾದದ್ದು. ಪಿಸ್ತೂಲಿನವರು ಅದೇ ಚಿಂತೆಯನ್ನು ಸುಮ್ನೆ ಎರವಲು ತಂದುಕೊಳ್ಳುತ್ತಾರೆ ಎಂಬುದು ನನ್ನ ಅನುಮಾನ.

ಇನ್ನು ಪೆಲೆಟ್. ಸ್ಪರ್ಧೆಗೆ ಬಳಸುವ ಪೆಲೆಟ್ ನೋಡಲು ಡಮರುವಿನ ಹಾಗೆ: ಒಂದು ಕಡೆ ಚಪ್ಪಟೆ ತಲೆ, ನಡುವೆ ಸಣ್ಣ ಸೊಂಟ, ಹಿಂದೆ ಟೊಳ್ಳಾದ ತೆಳ್ಳನೆ ಸ್ಕರ್ಟ್. ಚಪ್ಪಟೆ ತಲೆ ಕಾಗದದಲ್ಲಿ ದುಂಡಗೆ ತೂತು ಕತ್ತರಿಸುತ್ತದೆ. ಸ್ಕರ್ಟ್ ಹಿಂದಿನಿಂದ ಗಾಳಿಯ ಒತ್ತಡ ಬಿದ್ದಾಗ ಅಗಲವಾಗಿ ನಳಿಗೆಯ ಒಳಗಿನ ಸುರುಳಿ ಗೀರುಗಳಿಗೆ ಕಚ್ಚಿಕೊಳ್ಳುತ್ತದೆ. ಎಲ್ಲಾ ಮೆತ್ತನೆ ಸೀಸ. ಪಿಸ್ತೂಲಿಗೆ ಸಾಮಾನ್ಯವಾಗಿ 0.45ರಿಂದ 0.5 ಗ್ರಾಂ ಆಸುಪಾಸಿನ ಹಗುರದ್ದು, ರೈಫಲ್‌ಗೆ 0.53 ಗ್ರಾಂನದು. ಡಬ್ಬಿಯ ಮೇಲೆ ತಲೆಯ ಅಳತೆ 4.49, 4.50 ಎಂದೆಲ್ಲ ಇರುತ್ತದೆ, ಜೊತೆಗೆ ಬ್ಯಾಚ್ ನಂಬರ್. ಒಂದು ಡಬ್ಬಿಯಲ್ಲಿ 500.

ಸಮಸ್ಯೆ

ಹುಡುಗಿ 550ರ ಆಸುಪಾಸು ಹೊಡೆಯುತ್ತಿದ್ದಳು. ಮಳೆಗಾಲ ಶುರುವಾದ ಮೇಲೆ 530ಕ್ಕೆ ಇಳಿದಳು. ಇಳಿದ ರೀತಿಯೇ ವಿಚಿತ್ರ. ಚೆನ್ನಾಗಿ ಬಿಟ್ಟೆ ಎಂದುಕೊಂಡ ಹೊಡೆತ ಒಂಬತ್ತಕ್ಕೆ ಹೋಗುತ್ತಿತ್ತು. ನಡುನಡುವೆ ಒಂದು ಏಳು. ಏಳು ಬಿದ್ದ ಮೇಲೆ ಮುಂದಿನ ಐದಾರು ಹೊಡೆತ ಗೊಂದಲ.

ಅಪ್ಪ ಕ್ವಾಲಿಟಿ ಮನುಷ್ಯ. ಮಾಲು ಕೆಟ್ಟರೆ ಮೊದಲು ಕಚ್ಚಾ ಸಾಮಗ್ರಿ ನೋಡುವುದು ಅವರ ವೃತ್ತಿಯ ರೂಢಿ. ಇತ್ತೀಚೆಗೆ ಬೇರೆ ಬ್ಯಾಚಿನ ಡಬ್ಬಿ ಕೊಂಡದ್ದೂ ನಿಜ. "ಟೋಕಿಯೋದಾಗ ಮನು ಭಾಕರ್‌ಗೂ ಪಿಸ್ತೂಲೇ ಕೈಕೊಟ್ಟಿತ್ತಲ್ರಿ, ಹುಡುಗೀದು ಏನ್ ತಪ್ಪು" ಅಂತ ನನ್ನ ಹತ್ತಿರವೇ ವಾದಿಸಿದರು. ಆ ಮಾತು ಸುಳ್ಳಲ್ಲ. 2021ರಲ್ಲಿ ಅಲ್ಲಿ ಅರ್ಹತಾ ಸುತ್ತಿನ ಮಧ್ಯೆ ಪಿಸ್ತೂಲು ಕೆಟ್ಟು ಮನು ಅಮೂಲ್ಯ ನಿಮಿಷಗಳನ್ನು ಕಳೆದುಕೊಂಡರು. ಸಾಮಾನು ಕೈಕೊಡುವುದುಂಟು. ಇಲ್ಲಿ ಕೈಕೊಟ್ಟಿತ್ತೇ ಎಂಬುದು ಬೇರೆ ಪ್ರಶ್ನೆ.

ಕೋಚ್ ಬೆಳಗಾವಿ ಕಡೆಯವರು, ಸೈನ್ಯದಿಂದ ನಿವೃತ್ತರು. ಅವರು ಹೇಳಿದ್ದು ಒಂದೇ: "ಪೆಲೆಟ್ ಆಮ್ಯಾಲ ನೋಡೂಣು. ಮೊದಲ ಹತ್ತು ದಿನ ಡ್ರೈ ಮಾಡಸ್ರಿ." ಅಂದರೆ ಪೆಲೆಟ್ ಇಲ್ಲದೆ, ಗೋಡೆಗೆ ಗುರಿಯಿಟ್ಟು ಟ್ರಿಗರ್ ಒತ್ತುವ ಅಭ್ಯಾಸ. ಅಪ್ಪನಿಗೆ ಅದು ಸಮಸ್ಯೆಯಿಂದ ನುಣುಚಿಕೊಳ್ಳುವ ಮಾತಿನ ಹಾಗೆ ಕೇಳಿಸಿತು.

ಮೊದಲ ಪರೀಕ್ಷೆ

ಅಪ್ಪ ನಾಲ್ಕೈದು ಬಗೆಯ ಡಬ್ಬಿ ತರಿಸಿದರು. ಆಮದಿನ ಪೆಲೆಟ್ ಅಗ್ಗದ್ದಲ್ಲ, ಮನೆಯಲ್ಲಿ ಅದಕ್ಕೂ ಸ್ವಲ್ಪ ಮಾತು ಬಂತು. ರವಿವಾರ ಪೇಠೆಗೆ ಹೋಗಿ ಚಿನ್ನ ತೂಗುವ ಪುಟ್ಟ ತಕ್ಕಡಿಯನ್ನೂ ತಂದರು. ರಾತ್ರಿ ಊಟವಾದ ಮೇಲೆ ಕೂತು ಒಂದೊಂದೇ ಪೆಲೆಟ್ ತೂಗಿ ಬೇರೆ ಬೇರೆ ಮಾಡಿದರು. ಮೈಕ್ರೋಮೀಟರಿನಲ್ಲಿ ತಲೆಯ ಅಳತೆ ನೋಡಲು ಹೋದರು, ಆದರೆ ಸೀಸ ಎಷ್ಟು ಮೆತ್ತಗೆ ಎಂದರೆ ಅಳೆಯುವಾಗಲೇ ನಜ್ಜುಗುಜ್ಜಾಗುತ್ತಿತ್ತು. ಅದನ್ನು ಕೈಬಿಟ್ಟರು.

ತೂಕದ ಬಗ್ಗೆ ಇಲ್ಲೇ ಒಂದು ಮಾತು, ಏಕೆಂದರೆ ತುಂಬಾ ಮನೆಗಳಲ್ಲಿ ಈ ತಕ್ಕಡಿ ಪೂಜೆ ನಡೆಯುತ್ತದೆ. ಪಿಸ್ತೂಲಿನ ಪೆಲೆಟ್ ಸೆಕೆಂಡಿಗೆ ಸುಮಾರು 150 ಮೀಟರ್ ವೇಗದಲ್ಲಿ ಹೋಗುತ್ತದೆ ಎಂದಿಟ್ಟುಕೊಳ್ಳಿ. 10 ಮೀಟರ್ ದಾಟಲು ಸೆಕೆಂಡಿನ ಹದಿನೈದನೇ ಒಂದು ಭಾಗ ಬೇಕು. ಅಷ್ಟರಲ್ಲಿ ಅದು ಕೆಳಗೆ ಬೀಳುವುದು ಸುಮಾರು 22 ಮಿ.ಮೀ. ವೇಗ ನೂರಕ್ಕೆ ಎರಡರಷ್ಟು ಕಡಿಮೆಯಾದರೂ ಇನ್ನೂ ಕೆಳಗೆ ಹೋಗುವುದು ಒಂದು ಮಿಲಿಮೀಟರಿಗಿಂತ ಕಡಿಮೆ. ಹತ್ತರ ಒಳಗಿನ ಜಾಗ 8 ಮಿ.ಮೀ. ತ್ರಿಜ್ಯದ್ದು. ತಕ್ಕಡಿ ಹಿಡಿಯುವ ವ್ಯತ್ಯಾಸ ಆ ಜಾಗದಲ್ಲಿ ಎಲ್ಲೋ ಮುಳುಗಿ ಹೋಗುತ್ತದೆ.

ಭಾನುವಾರ ರೇಂಜಿನಲ್ಲಿ ಪಿಸ್ತೂಲನ್ನು ಮರಳಿನ ಚೀಲದ ಮೇಲಿಟ್ಟು ಹುಡುಗಿಯ ಕೈಯಲ್ಲೇ ಹೊಡೆಸಿದರು. ಪ್ರತಿ ಡಬ್ಬಿಯಿಂದ ಐದು ಹೊಡೆತ. ಒಂದು ಡಬ್ಬಿಯ ಐದೂ ಪೆಲೆಟ್ ಒಂದೇ ತೂತಿನಲ್ಲಿ ಹೋದವು. ಕಾಗದವನ್ನು ಬೆಳಕಿಗೆ ಹಿಡಿದು ಎಲ್ಲರೂ ನೋಡಿದ್ದಾಯಿತು, ಫೋಟೋ ಊರಿಗೂ ಹೋಯಿತು. ಅವತ್ತು ಸಂಜೆಯೇ ಆ ಬಗೆಯ ಡಬ್ಬಿಗಳಿಗೆ ದೊಡ್ಡ ಆರ್ಡರ್.

ಬಂದ ಡಬ್ಬಿಗಳ ಬ್ಯಾಚ್ ಬೇರೆ. ಸ್ಕೋರು ಅಲ್ಲೇ ಇತ್ತು.

ಕೊಡಗಿನ ಹಿರಿಯರ ಪ್ರವೇಶ

ರೇಂಜಿಗೆ ಆಗಾಗ ಬರುವ ಒಬ್ಬ ನಿವೃತ್ತ ಸೇನಾಧಿಕಾರಿ ಇದ್ದಾರೆ, ಕೊಡಗಿನವರು. ಮಕ್ಕಳೆಲ್ಲ ತಾತ ಎನ್ನುತ್ತಾರೆ, ದೊಡ್ಡವರು ಸಾಹೇಬರು ಎನ್ನುತ್ತಾರೆ. ಊರಿನಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ತೆಂಗಿನಕಾಯಿಗೆ ಗುರಿಯಿಟ್ಟು ಬೆಳೆದವರು. ಕೆಲಸದ ಮೇಲೆ ಹೊರದೇಶದಲ್ಲಿದ್ದಾಗ ಅಲ್ಲಿನ ಕ್ಲಬ್ಬಿನಲ್ಲಿ ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕಪ್ಪುಮದ್ದಿನ ಪಿಸ್ತೂಲು ಹೊಡೆದಿದ್ದರು. ನಮ್ಮ ಕಡೆ ಕೇಪಿನ ಕೋವಿ ಅನ್ನುತ್ತೇವಲ್ಲ, ಅದರದೇ ಚಿಕ್ಕ ಜಾತಿ.

ಅವರು ಹೇಳಿದ ಪ್ರಕಾರ ಅಂಥ ಪಿಸ್ತೂಲಿಗೆ ಗುಂಡು ಹೊಂದಿಸುವುದೇ ಅರ್ಧ ಆಟ. ಸೀಸದ ದುಂಡು ಗುಂಡು ನಳಿಗೆಗಿಂತ ಒಂದು ಕೂದಲೆಳೆ ಸಣ್ಣದಿರಬೇಕು. ಅದನ್ನು ಜಿಡ್ಡು ಸವರಿದ ಬಟ್ಟೆಯ ತುಂಡಿನಲ್ಲಿ ಸುತ್ತಿ ಒಳಗೆ ತಳ್ಳಬೇಕು. ಸುರುಳಿಗೆ ಕಚ್ಚುವುದು ಗುಂಡಲ್ಲ, ಬಟ್ಟೆ. ಗುಂಡಿನ ಅಳತೆ, ಬಟ್ಟೆಯ ದಪ್ಪ, ಮದ್ದಿನ ಪ್ರಮಾಣ, ಮೂರನ್ನೂ ಬದಲಿಸಬಹುದು. ಮೂರನ್ನೂ ಒಟ್ಟಿಗೆ ಬದಲಿಸಿದವನು ಜನ್ಮದಲ್ಲಿ ಏನನ್ನೂ ಕಲಿಯುವುದಿಲ್ಲ. ಮಸಿ ಬೇರೆ ಕಟ್ಟುತ್ತದೆ, ಪ್ರತಿ ಹೊಡೆತಕ್ಕೂ ನಳಿಗೆ ಒರೆಸಿ ಒಂದೇ ಸ್ಥಿತಿಗೆ ತರಬೇಕು. ಆ ಆಟದ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ 30 ನಿಮಿಷಕ್ಕೆ 13 ಹೊಡೆತ, ಅದರಲ್ಲಿ ಒಳ್ಳೆಯ 10 ಮಾತ್ರ ಲೆಕ್ಕಕ್ಕೆ. ದಾರಿ ತಪ್ಪಿದ ಗುಂಡಿಗೆ ಅಲ್ಲಿ ಕ್ಷಮೆ ಉಂಟು. "ನಿಮ್ಮ ಆಟದಲ್ಲಿ ಅರವತ್ತೂ ಲೆಕ್ಕ. ಅಂದ ಮೇಲೆ ಐದು ಹೊಡೆದು ತೀರ್ಮಾನ ಮಾಡಿದ್ದು ಯಾವ ಧೈರ್ಯದ ಮೇಲೆ?" ಎಂದು ಅಪ್ಪನನ್ನು ಕೇಳಿದರು.

ಆಮೇಲೆ ಒಂದು ಕಿತಾಪತಿ ಮಾಡಿದರು. ಗೆದ್ದ ಡಬ್ಬಿಯದೇ ಪೆಲೆಟ್‌ಗಳನ್ನು ಎರಡು ಬಟ್ಟಲಿಗೆ ಹಾಕಿ ಒಂದು, ಎರಡು ಎಂದು ಬರೆದರು. ಸೋತ ಡಬ್ಬಿಯದನ್ನು ಮೂರನೆಯದಕ್ಕೆ ಹಾಕಿದರು. ಯಾವುದು ಯಾವುದೆಂದು ಹುಡುಗಿಗೂ ಅಪ್ಪನಿಗೂ ಗೊತ್ತಿಲ್ಲ. ಹೊಡೆಸಿದಾಗ ಒಂದನೇ ಬಟ್ಟಲು ಕೊನೆಗೆ ಬಂತು, ಎರಡನೆಯದು ಮೊದಲು ಬಂತು. ಒಂದೇ ಡಬ್ಬಿ! ಅಪ್ಪ ಕಾಗದ ಹಿಡಿದು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕಾರ್ಖಾನೆಯಲ್ಲಿ ಐದು ತುಂಡು ಅಳೆದು ಇಡೀ ಲಾಟ್ ಪಾಸ್ ಮಾಡುವವರಲ್ಲ ಅವರು.

ಇದರಲ್ಲಿ ಅದೃಷ್ಟದ ಪಾಲು ಎಷ್ಟು ಎಂಬುದಕ್ಕೆ ಲೆಕ್ಕವೂ ಇದೆ. ಅದೇ ಪಿಸ್ತೂಲು, ಅದೇ ಪೆಲೆಟ್ ಇದ್ದರೂ 10 ಹೊಡೆತದ ಗ್ರೂಪ್ (ಕಾಗದದ ಮೇಲೆ ತೂತುಗಳು ಹರಡಿದ ಅಗಲ) 5 ಹೊಡೆತದ್ದಕ್ಕಿಂತ ಸರಾಸರಿ ಕಾಲುಭಾಗದಷ್ಟು ದೊಡ್ಡದಾಗಿ ಬರುತ್ತದೆ. ಒಂದು ಐದರ ಗ್ರೂಪ್ ಇನ್ನೊಂದು ಐದರ ಗ್ರೂಪಿಗಿಂತ ಎಷ್ಟೋ ಸಣ್ಣದು ಬಂದರೆ ಅದರಲ್ಲಿ ಆಶ್ಚರ್ಯ ಪಡುವಂಥದ್ದೇನೂ ಇಲ್ಲ.

ಎರಡನೇ ಪರೀಕ್ಷೆ, ಈ ಸಲ ಸರಿಯಾಗಿ

ಅಪ್ಪ ಹಟವಾದಿ, ಆದರೆ ಕಲಿಯುವ ಹಟ. ಟೂಲ್‌ರೂಮಿನಲ್ಲಿ ಅಲ್ಯೂಮಿನಿಯಂನ ಒಂದು ಹಿಡಿಕಟ್ಟು ಮಾಡಿಸಿದರು. ಮರದ ಗ್ರಿಪ್ ಬಿಚ್ಚಿ, ಪಿಸ್ತೂಲಿನ ಲೋಹದ ಮೈಯನ್ನೇ ಅದರಲ್ಲಿ ಕೂರಿಸಿ, ಅದನ್ನು ಭಾರದ ಟೇಬಲ್ಲಿಗೆ ಬೋಲ್ಟ್ ಹಾಕಿದರು. ಈಗ ಹುಡುಗಿಯ ಕೈ ಲೆಕ್ಕದಿಂದ ಹೊರಗೆ. ಪಿಸ್ತೂಲಿನ ಸಿಲಿಂಡರ್ ಗಾಳಿ ತೀರಾ ಇಳಿಯುವ ಮುಂಚೆಯೇ ತುಂಬಿಸುತ್ತಿದ್ದರು. ಬಗೆ ಬದಲಿಸಿದಾಗ ಮೊದಲ ಕೆಲವು ಹೊಡೆತ ಲೆಕ್ಕಕ್ಕೆ ಹಿಡಿಯಲಿಲ್ಲ. ಪ್ರತಿ ಗ್ರೂಪೂ ಹತ್ತರದ್ದು, ಪ್ರತಿ ಡಬ್ಬಿಗೂ ಹಲವು ಗ್ರೂಪ್, ಬಟ್ಟಲಿನ ಮೇಲೆ ನಂಬರ್ ಮಾತ್ರ.

ಫಲ ಬಂದಾಗ ನಗುವುದೋ ಅಳುವುದೋ ತಿಳಿಯಲಿಲ್ಲ. ಎಲ್ಲಾ ಡಬ್ಬಿಗಳೂ ಚೆನ್ನಾಗಿದ್ದವು. ತೂತಿನ ಹೊರ ಅಂಚಿನಿಂದ ಹೊರ ಅಂಚಿಗೆ ಸುಮಾರು 7ರಿಂದ 8 ಮಿ.ಮೀ. ಅದರಲ್ಲಿ ಪೆಲೆಟ್‌ನದೇ 4.5 ಕಳೆದರೆ ಉಳಿಯುವುದು ಸುಮಾರು ಮೂರು. ಒಳ್ಳೆಯದಕ್ಕೂ ಸಾಧಾರಣಕ್ಕೂ ಒಂದು ಮಿಲಿಮೀಟರಿನ ಅಂತರವೂ ಇಲ್ಲ. ಹಿಡಿಕಟ್ಟಿನಲ್ಲಿ ಯಾವ ಡಬ್ಬಿ ಹಾಕಿದರೂ 600ಕ್ಕೆ 600.

ಇಲ್ಲಿ ಇನ್ನೊಂದು ಲೆಕ್ಕ ನೆನಪಿರಲಿ. ಕೈಯ ಚದುರುವಿಕೆ, ಪೆಲೆಟ್‌ನ ಚದುರುವಿಕೆ ನೇರವಾಗಿ ಕೂಡುವುದಿಲ್ಲ, ವರ್ಗಗಳಾಗಿ ಕೂಡುತ್ತವೆ. ಕೈಯದು 20, ಪೆಲೆಟ್‌ದು 3 ಇದ್ದರೆ 400ಕ್ಕೆ 9 ಕೂಡಿ ವರ್ಗಮೂಲ ತೆಗೆಯಬೇಕು. 20.2 ಬರುತ್ತದೆ. ಪೆಲೆಟ್‌ನದನ್ನು ಸೊನ್ನೆಗೇ ಇಳಿಸಿದರೂ ಉಳಿತಾಯ ಆ 0.2 ಮಾತ್ರ. ಈ ಲೆಕ್ಕವನ್ನು ಡಬ್ಬಿ ತರಿಸುವ ಮೊದಲೇ ಒಂದು ಚೀಟಿಯಲ್ಲಿ ಮಾಡಬಹುದಿತ್ತು. ಸ್ಕೋರು ಬಿದ್ದವರೆಲ್ಲ ಮೊದಲು ಇದನ್ನು ಮಾಡಲಿ ಅನ್ನುವುದು ನನ್ನ ಆಸೆ.

ಹುಡುಗಿ ಹೇಳಿದ ಮಾತು

ಪೆಲೆಟ್ ತಪ್ಪಲ್ಲ ಎಂದಾದ ಮೇಲೆ ಎಲ್ಲರ ಕಣ್ಣೂ ಹುಡುಗಿಯ ಮೇಲೆ ತಿರುಗಿತು. ಓದಿನ ಒತ್ತಡ, ಮೊಬೈಲು, ನಿದ್ದೆ, ಎಲ್ಲದರ ವಿಚಾರಣೆ ಆಯಿತು. ಅವಳು ಮುಖ ಸಣ್ಣದು ಮಾಡಿಕೊಂಡು ಕೂತಿದ್ದಳು. ಅಪ್ಪ ಹಿಡಿಕಟ್ಟು ಬಿಚ್ಚಲು ಸ್ಪ್ಯಾನರ್ ತೆಗೆದುಕೊಂಡಾಗ ಹೇಳಿದಳು:

"ಅಪ್ಪಾ, ನೀವು ಹೊಡದದ್ದೆಲ್ಲಾ ಹೊಸ ಡಬ್ಬಿ. ನಾ ಹೊಡಿಯೋದು ನನ್ನ ಬ್ಯಾಗಿನಾಗಿಂದು. ಅದನ್ನ ಯಾರೂ ನೋಡಲೇ ಇಲ್ಲಲ್ಲ."

ಇಡೀ ಪ್ರಕರಣದ ತಿರುವು ಇದೇ. ಪರೀಕ್ಷೆ ಶಿಸ್ತಿನಿಂದ ನಡೆದಿತ್ತು, ಆದರೆ ಪರೀಕ್ಷೆಗೆ ಕೂತದ್ದು ಬೇರೆ ಮಾಲು.

ಬ್ಯಾಗಿನಿಂದ ಡಬ್ಬಿ ತೆಗೆದಳು. ಅಲ್ಲಾಡಿಸಿದರೆ ಗಲಗಲ ಸದ್ದು. ಹೊಸ ಡಬ್ಬಿಯ ಮುಚ್ಚಳದ ಕೆಳಗೆ ಒಂದು ದುಂಡನೆ ಸ್ಪಂಜಿನ ಬಿಲ್ಲೆ ಇರುತ್ತದೆ, ಪೆಲೆಟ್‌ಗಳನ್ನು ಅಲುಗಾಡದಂತೆ ಒತ್ತಿ ಹಿಡಿಯಲು. ಪ್ರತಿ ಸಲ ತೆಗೆದು ಇಡುವುದು ರಗಳೆ ಎಂದು ಅವಳು ಅದನ್ನು ಎಂದೋ ಎಸೆದಿದ್ದಳು. ಡಬ್ಬಿ ಅರ್ಧ ಖಾಲಿ. ವಾರ್ಜೆಯಿಂದ ಬೈಪಾಸ್ ಹಿಡಿದು ಚಾಂದಣಿ ಚೌಕ ದಾಟಿ ಬರುವ ದಾರಿ, ಸ್ಕೂಟರಿನ ಹಿಂದಿನ ಸೀಟು, ಬೆನ್ನಿಗೆ ಬ್ಯಾಗು. ಮಳೆಗಾಲದ ಪುಣೆ ರಸ್ತೆ ಹೇಗಿರುತ್ತದೆ ಎಂದು ಇಲ್ಲಿನವರಿಗೆ ಹೇಳಬೇಕಿಲ್ಲ. ಮುಂಚೆ ಅವರು ಕಾರಿನಲ್ಲಿ ಬರುತ್ತಿದ್ದರು, ಅಪ್ಪನ ಶಿಫ್ಟ್ ಬದಲಾದ ಮೇಲೆ ಅಮ್ಮನ ಸ್ಕೂಟರ್. ಸ್ಕೋರು ಇಳಿದದ್ದೂ ಆಗಲೇ.

ಸಾಹೇಬರು ಫೋಟೋ ಫ್ರೇಮಿನ ಒಂದು ಗಾಜು ತರಿಸಿದರು. ಅದನ್ನು ಚೂರು ಓರೆ ಮಾಡಿ, ಹೊಸ ಡಬ್ಬಿಯ ಪೆಲೆಟ್ ಒಂದನ್ನು ಮೇಲಿನಿಂದ ಬಿಟ್ಟರು. ತಲೆ ಮತ್ತು ಸ್ಕರ್ಟಿನ ಅಳತೆ ಒಂದೇ ಅಲ್ಲದ ಕಾರಣ ಪೆಲೆಟ್ ನೇರ ಉರುಳುವುದಿಲ್ಲ, ಬಿಲ್ಲಿನಂತೆ ಬಾಗಿ ಹೋಗುತ್ತದೆ. ಹೊಸದು ಸದ್ದಿಲ್ಲದೆ ನುಣ್ಣಗೆ ಬಾಗಿ ಹೋಯಿತು. ಬ್ಯಾಗಿನ ಡಬ್ಬಿಯದನ್ನು ಬಿಟ್ಟಾಗ ಕೆಲವು ಹಾಗೇ ಹೋದವು, ಕೆಲವು ಟಿಕ್ ಟಿಕ್ ಎಂದು ಕುಪ್ಪಳಿಸಿದವು. ಒಂದಂತೂ ಅರ್ಧ ದಾರಿಯಲ್ಲಿ ನಿಂತೇ ಬಿಟ್ಟಿತು. ಭೂತಗಾಜಿನಲ್ಲಿ ನೋಡಿದರೆ ಸ್ಕರ್ಟಿನ ಅಂಚು ಒಂದು ಕಡೆ ಒಳಕ್ಕೆ ಚಪ್ಪಟೆಯಾಗಿತ್ತು, ಉಗುರಿನಿಂದ ಒತ್ತಿದಷ್ಟೇ. ಬರಿಗಣ್ಣಿಗೆ ಕಾಣುವಂಥದ್ದಲ್ಲ. ಡಬ್ಬಿಯ ತಳದಲ್ಲಿ ಬೂದು ಬಣ್ಣದ ಪುಡಿ, ಉಜ್ಜಿ ಉಜ್ಜಿ ಉದುರಿದ ಸೀಸ. (ಆ ಪುಡಿ ಹತ್ತಿದ ಕೈಯಲ್ಲೇ ಮಕ್ಕಳು ವಡಾಪಾವ್ ತಿನ್ನುವುದನ್ನು ನೋಡಿದ್ದೇನೆ. ಸೀಸ ವಿಷ. ಸೋಪು ಹಾಕಿ ಕೈ ತೊಳೆಯದೆ ಏನನ್ನೂ ಬಾಯಿಗೆ ಹಾಕಬಾರದು.)

ಹಿಡಿಕಟ್ಟನ್ನು ಮತ್ತೆ ಬಿಗಿ ಮಾಡಿ ಬ್ಯಾಗಿನ ಡಬ್ಬಿಯಿಂದ ಹೊಡೆದರು. ಹೆಚ್ಚಿನವು ಒಂದೇ ಕಡೆ. ಆದರೆ ಪ್ರತಿ ಹತ್ತರಲ್ಲಿ ಒಂದೆರಡು ಗುಂಪು ಬಿಟ್ಟು ಹೊರಗೆ. ಒಂದು ಮೇಲೆ, ಇನ್ನೊಂದು ಬಲಕ್ಕೆ, ಮತ್ತೊಂದು ಕೆಳಗೆ. ದಿಕ್ಕಿಗೆ ನೇಮ ನಿಷ್ಠೆ ಇಲ್ಲ. ತೀರಾ ದೂರ ಹೋದದ್ದು ಗುಂಪಿನ ನಡುವಿನಿಂದ ಸುಮಾರು 10 ಮಿ.ಮೀ.

ಅಪ್ಪನ ಮುಖ ಅರಳಿತು. ಕಡೆಗೂ ಪೆಲೆಟ್ ಸಿಕ್ಕಿಬಿತ್ತಲ್ಲ!

ಕೋಚ್ ಲೆಕ್ಕ

ಕೋಚ್ ಅರಳಲಿಲ್ಲ. ಅವರು ಎಂಟರ ಮಗ್ಗಿ ಹೇಳಿದರು. ಪೆಲೆಟ್ 10 ಮಿ.ಮೀ. ದಾರಿ ತಪ್ಪಿದರೆ ನಡುವಿಗೆ ಬಿಟ್ಟ ಹೊಡೆತ ಒಂಬತ್ತಾಗುತ್ತದೆ. ಒಂಬತ್ತಕ್ಕೆ ಬಿಟ್ಟದ್ದು ಎಂಟಾಗಬಹುದು. ಹಾಗೆಯೇ ಒಂಬತ್ತಕ್ಕೆ ಹೋಗಬೇಕಾದದ್ದನ್ನು ಒಳಕ್ಕೆ ತಳ್ಳಿ ಹತ್ತೂ ಮಾಡಬಹುದು, ಅದನ್ನು ಯಾರೂ ದೂರುವುದಿಲ್ಲ. ಕೊಟ್ಟು ತೆಗೆದುಕೊಂಡು 60 ಹೊಡೆತಕ್ಕೆ ಕಳೆಯುವುದು ನಾಲ್ಕೈದು ಅಂಕ. ಹುಡುಗಿ ಕಳೆದದ್ದು ಅದರ ನಾಲ್ಕು ಪಟ್ಟು.

"ಒಂಬತ್ತು ಡಬ್ಬೀದು ಇರಬಹುದು ತಂಗಿ. ಏಳು ಮಾತ್ರ ನಿಂದ."

ಆಮೇಲೆ ಅವರು ಅಪ್ಪನ ಫೈಲ್ ಕೇಳಿದರು. ಎಲೆಕ್ಟ್ರಾನಿಕ್ ಟಾರ್ಗೆಟ್ ಪ್ರತಿ ಸರಣಿಯ ನಂತರ ಕೊಡುವ ಪ್ರಿಂಟ್‌ಗಳನ್ನು ಅಪ್ಪ ತಾರೀಕಿನ ಪ್ರಕಾರ ಪಂಚ್ ಮಾಡಿ ಇಟ್ಟಿದ್ದರು. ಕೋಚ್ ಒಂದು ಕೆಂಪು ಪೆನ್ನಿನಲ್ಲಿ ಏಳುಗಳಿಗೆಲ್ಲ ಸುತ್ತು ಹಾಕುತ್ತಾ ಹೋದರು. ಹೆಚ್ಚು ಕಡಿಮೆ ಎಲ್ಲವೂ ಕೆಳಗೆ ಎಡಕ್ಕೆ, ಗಡಿಯಾರದ ಏಳು ಗಂಟೆಯ ಕಡೆ. ಬಲಗೈ ಶೂಟರ್ ಟ್ರಿಗರ್ ಅನ್ನು ಒತ್ತುವ ಬದಲು ಎಳೆದಾಗ ಹೋಗುವ ಜಾಗ ಅದು. ಕೆಟ್ಟ ಪೆಲೆಟ್‌ಗೆ ದಿಕ್ಕಿಲ್ಲ, ಕೆಟ್ಟ ಬೆರಳಿಗೆ ದಿಕ್ಕಿದೆ. ಆ ಫೈಲ್ ಮೊದಲ ದಿನದಿಂದಲೂ ಕಪಾಟಿನಲ್ಲೇ ಇತ್ತು. ಅಂಕ ನೋಡಿದ್ದರು, ದಿಕ್ಕು ನೋಡಿರಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ಪೆಲೆಟ್‌ಗೂ ಬೆರಳಿಗೂ ಪಾಲು ಹಂಚಿ ಮನೆಗೆ ಹೋಗಬಹುದಿತ್ತು. ಆದರೆ ಹುಡುಗಿ ಮುಂಚೆ ಹೀಗೆ ಎಳೆಯುತ್ತಿರಲಿಲ್ಲ. ಈಗ ಯಾಕೆ? ಕೋಚ್ ಅವಳನ್ನು ಕೂರಿಸಿಕೊಂಡು ಕೇಳಿದಾಗ ನಿಧಾನಕ್ಕೆ ಹೊರಬಂತು.

ಶೂಟರ್‌ಗಳು ಹೊಡೆತ ಬಿಟ್ಟ ಕ್ಷಣವೇ, ಸ್ಕ್ರೀನ್ ನೋಡುವ ಮುಂಚೆ, ಎಲ್ಲಿಗೆ ಹೋಯಿತೆಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾರೆ. ಕಾಲ್ ಮಾಡುವುದು ಅನ್ನುತ್ತಾರೆ. ಹೇಳಿಕೊಂಡದ್ದೂ ಬಿದ್ದದ್ದೂ ತಾಳೆಯಾದರೆ ಕಲಿಕೆ ಮುಂದೆ ಹೋಗುತ್ತದೆ. ಇವಳಿಗೆ ಮಳೆಗಾಲದಲ್ಲಿ ತಾಳೆ ತಪ್ಪತೊಡಗಿತು. ನಡುವಿಗೆ ಎಂದದ್ದು ಬಲಕ್ಕೆ ಒಂಬತ್ತು. ಎಡಕ್ಕೆ ಎಂದದ್ದು ನಡುವಿಗೆ ಹತ್ತು. ತನ್ನ ಕಣ್ಣನ್ನೇ ನಂಬದ ಹಾಗಾಯಿತು. ಇನ್ನೂ ಸರಿಯಾಗಿ ಗುರಿ ಹಿಡಿಯೋಣ ಎಂದು ಜಾಸ್ತಿ ಹೊತ್ತು ಕೈ ಚಾಚಿ ನಿಲ್ಲತೊಡಗಿದಳು. ಕೈ ಸೋತು ನಡುಗುವ ಹೊತ್ತಿಗೆ, ಗುರಿ ನಡುವಿಗೆ ಬಂದ ಕ್ಷಣ ಹಿಡಿಯಬೇಕೆಂದು ಪಟಕ್ಕನೆ ಎಳೆಯುತ್ತಿದ್ದಳು. ಅದೇ ಏಳು.

ನನ್ನ ಮಟ್ಟಿಗೆ ಈ ಪ್ರಕರಣದ ತಿರುಳು ಇದು. ನಜ್ಜಿದ ಪೆಲೆಟ್ ಅಂಕದಲ್ಲಿ ಮಾಡಿದ ನಷ್ಟ ಸಣ್ಣದು. ಕಲಿಯುವ ಹುಡುಗಿಗೆ ಅದು ಸುಳ್ಳು ಸಾಕ್ಷಿ ಹೇಳಿತು, ನಷ್ಟ ಅಲ್ಲಿ ಆಯಿತು. ಅನುಭವಿಯಾಗಿದ್ದರೆ "ಇದು ನನ್ನದಲ್ಲ" ಎಂದು ಆ ಹೊಡೆತವನ್ನು ಬದಿಗಿಟ್ಟು ಮುಂದೆ ಹೋಗುತ್ತಿದ್ದ. ಹೊಸಬರಿಗೆ ಆ ಧೈರ್ಯ ಎಲ್ಲಿಂದ ಬರಬೇಕು? ಹಾಗಾಗಿ ಪಿಸ್ತೂಲ್ ಕಲಿಯುವ ಮಕ್ಕಳಿಗೆ ದುಬಾರಿ ಪೆಲೆಟ್ ಬೇಕಿಲ್ಲ, ಆದರೆ ಕೊಡುವ ಪೆಲೆಟ್ ಪೆಟ್ಟು ತಿಂದಿರಬಾರದು. ಈ ಎರಡನ್ನೂ ಒಂದೇ ಎಂದು ತಿಳಿದವರೇ ಜಾಸ್ತಿ.

ಮುಂದೆ ಮಾಡಿದ್ದು

ಡಬ್ಬಿಯ ಸ್ಪಂಜಿಗೆ ಬದಲು ಅಮ್ಮ ಯೋಗ ಮ್ಯಾಟಿನ ಒಂದು ತುಂಡನ್ನು ದುಂಡಗೆ ಕತ್ತರಿಸಿ ಹಾಕಿದರು. ದೊಡ್ಡ ಡಬ್ಬಿ ಮನೆಯಲ್ಲೇ ಉಳಿಯುತ್ತದೆ. ಒಂದು ದಿನಕ್ಕೆ ಬೇಕಾದಷ್ಟು ಪೆಲೆಟ್ ಮಾತ್ರ ತೂತುಗಳಿರುವ ಸಣ್ಣ ಟ್ರೇಯಲ್ಲಿ, ಒಂದಕ್ಕೊಂದು ತಾಕದಂತೆ, ರೇಂಜಿಗೆ ಬರುತ್ತದೆ. ಸ್ಪರ್ಧೆಯ ಹಿಂದಿನ ರಾತ್ರಿ ಗಾಜಿನ ಮೇಲೆ ಉರುಳಿಸಿ ಕುಪ್ಪಳಿಸುವವನ್ನು ತೆಗೆಯುತ್ತಾರೆ. ಹಾಗೆ ತೆಗೆದವು ಕಸಕ್ಕಲ್ಲ, ಬೇರೆ ಡಬ್ಬಿಗೆ. ಸೀಸವನ್ನು ಮನೆಯ ಕಸದ ಜೊತೆ ಹಾಕುವಂತಿಲ್ಲ. ಅಪ್ಪ ಅವಸರದಲ್ಲಿ ತರಿಸಿದ ಡಬ್ಬಿಗಳ ರಾಶಿ ದಂಡವೇನೂ ಆಗಲಿಲ್ಲ, ಅಭ್ಯಾಸಕ್ಕೆ ಅವೇ ನಡೆಯುತ್ತಿವೆ. ಪಿಸ್ತೂಲಿಗೆ ಅವೂ ಒಳ್ಳೆಯವೇ ಎಂದು ಹಿಡಿಕಟ್ಟು ಆಗಲೇ ಹೇಳಿತ್ತಲ್ಲ.

ಬೆರಳಿನ ಕೆಲಸ ಇಷ್ಟು ಸುಲಭಕ್ಕೆ ಆಗಲಿಲ್ಲ. ಕೋಚ್ ಸ್ಕ್ರೀನಿಗೆ ಒಂದು ರಟ್ಟು ಅಡ್ಡ ಇಟ್ಟರು. ಪ್ರತಿ ಹೊಡೆತಕ್ಕೂ ಹುಡುಗಿ ನೋಟ್‌ಬುಕ್ಕಿನಲ್ಲಿ ಚುಕ್ಕೆ ಇಟ್ಟ ಮೇಲೆಯೇ ರಟ್ಟು ತೆಗೆಯಬೇಕು. ಮೊದಮೊದಲು ಅವಳಿಗೆ ಚುಕ್ಕೆ ಇಡಲೇ ಹೆದರಿಕೆ. ಹೆಚ್ಚು ಹೊತ್ತು ಗುರಿ ಹಿಡಿದರೆ ಹೊಡೆಯದೆ ಕೈ ಇಳಿಸಬೇಕು ಎಂಬ ನೇಮ ಬಂತು. 75 ನಿಮಿಷದಲ್ಲಿ 60 ಹೊಡೆತ ಎಂದರೆ ಹೊಡೆತಕ್ಕೆ ಒಂದೂಕಾಲು ನಿಮಿಷ, ಕೈ ಇಳಿಸಿ ಮತ್ತೆ ಎತ್ತಲು ಬೇಕಾದಷ್ಟು ಸಮಯ ಇದೆ. ಕೋಚ್ ಮೊದಲೇ ಹೇಳಿದ್ದ ಡ್ರೈ ಅಭ್ಯಾಸವೂ ಸೇರಿತು. ಅಪ್ಪ ಈ ಸಲ ಎದುರು ಮಾತಾಡಲಿಲ್ಲ.

ಒಂಬತ್ತುಗಳ ಗೊಂದಲ ಬೇಗ ಕಡಿಮೆಯಾಯಿತು. ಏಳುಗಳು ಹೋಗಲು ದೀಪಾವಳಿ ದಾಟಬೇಕಾಯಿತು. ಆ ವರ್ಷದ ರಾಜ್ಯ ಮಟ್ಟದ ಆಯ್ಕೆ ಅಷ್ಟರಲ್ಲಿ ಕೈತಪ್ಪಿತ್ತು. ಈಗ ಅವಳು ಮತ್ತೆ 550ರ ಮೇಲೆ ನಿಂತಿದ್ದಾಳೆ. ಅದಕ್ಕಿಂತ ಮುಖ್ಯವಾಗಿ, ಏಳು ಬಿದ್ದರೆ ಎಲ್ಲಿ ಬಿತ್ತು, ಯಾಕೆ ಬಿತ್ತು ಎಂದು ರಟ್ಟು ತೆಗೆಯುವ ಮುಂಚೆಯೇ ಹೇಳುತ್ತಾಳೆ.

ಅಪ್ಪನಿಗೆ ಇನ್ನೂ ಒಂದು ಆಸೆ ಉಳಿದಿದೆ. 4.49 ಮತ್ತು 4.50 ತಲೆಗಳ ನಡುವೆ ಹಿಡಿಕಟ್ಟಿನಲ್ಲಿ ಕಂಡ ಚೂರು ವ್ಯತ್ಯಾಸವನ್ನು ಬೇಸಿಗೆ ರಜೆಯಲ್ಲಿ ಸರಿಯಾಗಿ ಅಳೆಯಬೇಕಂತೆ. ಸಾಹೇಬರು ಬಟ್ಟಲಿಗೆ ನಂಬರ್ ಬರೆದುಕೊಡಲು ತಯಾರು. ಕೋಚ್ ಮಾತ್ರ ಒಪ್ಪಿಲ್ಲ. "ಹುಡುಗಿ ನೋಟ್‌ಬುಕ್ಕಿನ ಚುಕ್ಕಿ ಅರವತ್ತರಾಗ ಐವತ್ತು ತಾಳೆ ಆಗ್ಲಿ, ಆಮ್ಯಾಲ ನಿಮ್ಮ ಟೇಬಲ್ ತರ್ರಿ" ಎಂದಿದ್ದಾರೆ. ಸದ್ಯಕ್ಕೆ ಹಿಡಿಕಟ್ಟು ರೇಂಜಿನ ಕಪಾಟಿನಲ್ಲಿದೆ. ಬೇರೆ ಮಕ್ಕಳ ಅಪ್ಪಂದಿರು ಅದನ್ನು ಎರವಲು ಕೇಳಲು ಶುರು ಮಾಡಿದ್ದಾರೆ.